ಎಲ್ಲಕ್ಕೂ ಡಿವ್ ಯಾಕೆ? ಕನ್ನಡ ಕಥೆಗಳ ತಾಣ ಸರಿಮಾಡಿದ ಅನುಭವ

ಕನ್ನಡ ಕಥೆ, ಕವಿತೆ ಹಾಕುವ ಒಂದು ಸಣ್ಣ ವೆಬ್‌ಸೈಟಿನ ಕೋಡು ನನ್ನ ಕೈಗೆ ಬಂತು. ಅದರಲ್ಲಿ ಇದ್ದದ್ದು ಬರೀ ಡಿವ್. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ, ಒಳಗೆ ಏನಿದೆ ಅಂತ ಹೇಳದ ಖಾಲಿ ಡಬ್ಬಿಯಂಥ ಟ್ಯಾಗ್ (ಗುರುತು) ಅದು. ಮೆನುವಿಗೂ ಡಿವ್, ಕಥೆಗೂ ಡಿವ್, ಶೀರ್ಷಿಕೆಗೂ ಡಿವ್. ಕಣ್ಣಿಗೆ ಪುಟ ಚೆನ್ನಾಗಿಯೇ ಕಾಣುತ್ತಿತ್ತು. ಎನ್‌ವಿಡಿಎ ಹಾಕಿ ಕೇಳಿದರೆ ಮಾತ್ರ ತಲೆಬುಡ ತಿಳಿಯುತ್ತಿರಲಿಲ್ಲ. ಕಣ್ಣು ಕಾಣದವರು ವಿಂಡೋಸ್‌ನಲ್ಲಿ ಬಳಸುವ ಉಚಿತ ಸ್ಕ್ರೀನ್ ರೀಡರ್ ಅದು, ಪರದೆಯಲ್ಲಿ ಇರುವುದನ್ನು ದನಿಯಲ್ಲಿ ಓದಿ ಹೇಳುತ್ತದೆ. ಡಿ ಕೀ ಒತ್ತಿದರೆ ಪುಟದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಬಹುದು, ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ. ನಮ್ಮ ಪುಟದಲ್ಲಿ ಭಾಗವೂ ಇಲ್ಲ, ಶೀರ್ಷಿಕೆಯೂ ಇಲ್ಲ.

ಮೊದಲು ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್ ಪೂರ್ತಿ ತೆಗೆದು ಪುಟ ನೋಡಿದೆ. ಬಣ್ಣ, ಕಾಲಂ ಎಲ್ಲ ಹೋದ ಮೇಲೆ ಉಳಿಯುವುದು ವಿಷಯ ಮತ್ತು ಅದರ ಕ್ರಮ. ಕೆಲವು ಕಡೆ ಹಳೆಯ ಕ್ಲಾಸ್ ಹೆಸರುಗಳೇ (ಕೋಡು ಬರೆಯುವವರು ಟ್ಯಾಗ್‌ಗೆ ಅಂಟಿಸುವ ಹೆಸರು) ದಾರಿ ತೋರಿಸಿದವು. ಹೆಡರ್, ಮೆನು, ಫೂಟರ್ ಅಂತ ಡಿವ್‌ಗೆ ಹೆಸರಿಡುವುದು ಎಲ್ಲರ ಅಭ್ಯಾಸ. 2005ರಲ್ಲಿ ಗೂಗಲ್ ನೂರು ಕೋಟಿಗೂ ಜಾಸ್ತಿ ಪುಟಗಳನ್ನು ಜಾಲಾಡಿದಾಗ ಹೆಚ್ಚು ಸಿಕ್ಕ ಕ್ಲಾಸ್ ಹೆಸರುಗಳಲ್ಲಿ ಈ ಮೂರೂ ಇದ್ದವು. ಎಚ್‌ಟಿಎಂಎಲ್5 ಬಂದಾಗ ಹೆಡರ್, ಫೂಟರ್, ನ್ಯಾವ್ (ಮೆನುವಿನಂಥ ಕೊಂಡಿಗಳಿಗೆ) ನಿಜವಾದ ಟ್ಯಾಗ್‌ಗಳೇ ಆದವು. ಹಾಗಾಗಿ ಇವು ಸುಲಭವಾಗಿ ಮುಗಿದವು. ಪುಟದ ಮುಖ್ಯ ವಿಷಯ ಮೇನ್ ಒಳಗೆ ಹೋಯಿತು. ಅದು ಪುಟಕ್ಕೆ ಒಂದೇ.

ತಲೆ ಕೆಡಿಸಿದ್ದು ಆರ್ಟಿಕಲ್ ಮತ್ತು ಸೆಕ್ಷನ್. ಪ್ರತಿ ಭಾಗಕ್ಕೂ ಒಂದು ಪ್ರಶ್ನೆ ಕೇಳಿಕೊಂಡೆ: ಇದನ್ನು ಎತ್ತಿ ಬೇರೆ ಕಡೆ ಹಾಕಿದರೆ ತಾನಾಗಿ ಅರ್ಥವಾಗುತ್ತದಾ? ಕಥೆಗೆ ಹೌದು, ಅದು ಆರ್ಟಿಕಲ್. ಕಥೆಯ ಕೆಳಗೆ ಓದುಗರು ಬರೆದ ಒಂದೊಂದು ಅಭಿಪ್ರಾಯವೂ ಆರ್ಟಿಕಲ್ಲೇ, ಆದರೆ ಕಥೆಯ ಆರ್ಟಿಕಲ್ ಒಳಗೆ. ‘ಇದೇ ಲೇಖಕರ ಬೇರೆ ಕಥೆಗಳು’ ಪಟ್ಟಿ ಪಕ್ಕದ ವಿಷಯಕ್ಕೆ ಇರುವ ಅಸೈಡ್‌ಗೆ ಹೋಯಿತು. ಪ್ರಶ್ನೆಗೆ ಇಲ್ಲ ಅಂತ ಉತ್ತರ ಬಂದು, ಅದಕ್ಕೊಂದು ಸಹಜ ಶೀರ್ಷಿಕೆ ಕೊಡಬಹುದು ಅನಿಸಿದರೆ ಸೆಕ್ಷನ್. ಅದೂ ಇಲ್ಲವಾ, ಡಿವ್ ಹಾಗೇ ಇರಲಿ. ಎರಡು ಕಾಲಂ ಪಕ್ಕಪಕ್ಕ ನಿಲ್ಲಿಸೋಕೆ ಇರುವ ಡಿವ್‌ಗೆ ಸುಮ್ನೆ ಸೆಕ್ಷನ್ ಅಂತ ಹೆಸರು ಬದಲಿಸಿದರೆ ಏನೂ ಸಿಗುವುದಿಲ್ಲ. ಏರಿಯಾ ಲೇಬಲ್ (aria-label, ಸ್ಕ್ರೀನ್ ರೀಡರ್ ಓದಿ ಹೇಳುವ ಹೆಸರು) ಥರ ಒಂದು ಹೆಸರು ಕೊಡದೆ ಸೆಕ್ಷನ್ ಹಾಕಿದರೆ ಸ್ಕ್ರೀನ್ ರೀಡರ್ ಅದನ್ನು ಪುಟದ ಬೇರೆ ಭಾಗ ಅಂತ ಎಣಿಸುವುದೇ ಇಲ್ಲ.

ನ್ಯಾವ್ ಎರಡಿದ್ದವು: ಮೇಲಿನ ಮೆನು, ಪಕ್ಕದ ಹಳೆಯ ಸಂಚಿಕೆಗಳ ಪಟ್ಟಿ. ಎರಡಕ್ಕೂ ಏರಿಯಾ ಲೇಬಲ್ ಕನ್ನಡದಲ್ಲೇ ಕೊಟ್ಟೆ: ‘ಮುಖ್ಯ’, ‘ಹಳೆಯ ಸಂಚಿಕೆಗಳು’. ‘ಮುಖ್ಯ ನ್ಯಾವಿಗೇಶನ್’ ಅಂತ ಬರೆಯಲಿಲ್ಲ. ನ್ಯಾವಿಗೇಶನ್ ಅನ್ನುವುದನ್ನು ಸ್ಕ್ರೀನ್ ರೀಡರೇ ಹೇಳುತ್ತದಲ್ವಾ. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆ ‘ಕೆಎನ್’ ಅಂತ ಇರಲೇಬೇಕು. ಇಲ್ಲದಿದ್ದರೆ ಕನ್ನಡವನ್ನು ಯಾವ ದನಿಯಲ್ಲಿ ಓದಬೇಕು ಅಂತ ಅದಕ್ಕೆ ಗೊತ್ತಾಗುವುದು ಹೇಗೆ?

ಕವಿತೆಗಳ ಕೆಲಸ ನನಗೆ ಇಷ್ಟವಾಯಿತು. ಹಳೆಯ ಕೋಡಿನಲ್ಲಿ ಪ್ರತಿ ಸಾಲೂ ಒಂದು ಡಿವ್. ಈಗ ಒಂದು ನುಡಿಗೆ, ಅಂದರೆ ಕೆಲವು ಸಾಲುಗಳ ಗುಂಪಿಗೆ, ಒಂದು ಪಿ (ಪ್ಯಾರಾ ಟ್ಯಾಗ್), ಅದರೊಳಗೆ ಸಾಲು ಮುರಿಯಲು ಬಿಆರ್. ಬೇರೆ ಕಡೆ ಬಿಆರ್ ಕಂಡರೆ ನನಗೆ ಮೈ ಉರಿಯುತ್ತದೆ, ಆದರೆ ಕವಿತೆಯ ಸಾಲು, ವಿಳಾಸದ ಸಾಲು ಇಂಥದ್ದಕ್ಕೇ ಅದು ಇರುವುದು.

ಶೀರ್ಷಿಕೆಗಳಲ್ಲಿ ಎಚ್1 (ಎಲ್ಲಕ್ಕಿಂತ ಮೇಲಿನ ಮಟ್ಟದ ಶೀರ್ಷಿಕೆ) ಪುಟಕ್ಕೊಂದೇ ಇಟ್ಟೆ. ಪ್ರತಿ ಸೆಕ್ಷನ್‌ನಲ್ಲೂ ಎಚ್1 ಹಾಕಿ, ಬ್ರೌಸರ್ ತಾನೇ ಮಟ್ಟ ಲೆಕ್ಕ ಹಾಕುತ್ತದೆ ಅಂತ ಒಂದು ಕಾಲದಲ್ಲಿ ಹೇಳುತ್ತಿದ್ದರು. ಯಾವ ಬ್ರೌಸರೂ ಅದನ್ನು ಪೂರ್ತಿ ಮಾಡಲಿಲ್ಲ. 2022ರಲ್ಲಿ ಆ ನಿಯಮವನ್ನೇ ತೆಗೆದರು.

ಹಳೆಯ ಕ್ಲಾಸ್ ಹೆಸರುಗಳನ್ನು ಹೊಸ ಟ್ಯಾಗ್‌ಗಳ ಮೇಲೆ ಹಾಗೇ ಉಳಿಸಿದ್ದರಿಂದ ಪುಟದ ನೋಟ ಹೆಚ್ಚುಕಮ್ಮಿ ಮೊದಲಿನಂತೆಯೇ ಉಳಿಯಿತು. ಕಥೆಗಳ ಪಟ್ಟಿಯಲ್ಲಿ ಮಾತ್ರ ಒಂದು ತೊಡಕು. ಯುಎಲ್‌ನ (ಪಟ್ಟಿಯ ಟ್ಯಾಗ್) ಚುಕ್ಕಿಗಳನ್ನು ಸಿಎಸ್‌ಎಸ್‌ನಲ್ಲಿ ತೆಗೆದಿದ್ದೆವು. ಹಾಗೆ ಮಾಡಿದರೆ ಸಫಾರಿಯಲ್ಲಿ ಆಪಲ್‌ನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಅದನ್ನು ಪಟ್ಟಿ ಅಂತ ಹೇಳುವುದಿಲ್ಲ. ಯುಎಲ್‌ಗೆ ರೋಲ್ ‘ಲಿಸ್ಟ್’ ಅಂತ ಸೇರಿಸಿದ ಮೇಲೆ ಹೇಳಿತು.