ರಾತ್ರಿ ಪಾಳಿಯಲ್ಲಿ ಪಾರ್ಸೆಲ್ ವಿಂಗಡಣೆ: ಸೇರುವುದು ಹೇಗೆ, ನಿಭಾಯಿಸುವುದು ಹೇಗೆ?

ರಾತ್ರಿ ಹನ್ನೊಂದರ ಹೊತ್ತಿಗೆ ಬೆಂಗಳೂರಿನ ಲಾರಿ ಬಂದು ಶಟರ್ ಎದುರು ನಿಲ್ಲುತ್ತದೆ. ಬೆಳಗಿನ ಜಾವ ನಾಲ್ಕರೊಳಗೆ ಅದರೊಳಗಿನದೆಲ್ಲ ಸಾಗರ, ತೀರ್ಥಹಳ್ಳಿ, ಭದ್ರಾವತಿಯ ಚೀಲಗಳಿಗೆ ಹಂಚಿಹೋಗಬೇಕು. ಡಿಗ್ರಿ ಓದುವಾಗ ಎರಡು ಮಳೆಗಾಲ ಶಿವಮೊಗ್ಗದಲ್ಲಿ ನಾನು ಮಾಡಿದ್ದು ಇದೇ ಕೆಲಸ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಅಂಚೆ ಇಲಾಖೆಯ ಸಾರ್ಟಿಂಗ್ ಅಸಿಸ್ಟೆಂಟ್ ಹುದ್ದೆ ಪೂರ್ಣಾವಧಿಯದು, ಡಿಗ್ರಿ ಮುಗಿಸಿ ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಪರೀಕ್ಷೆ ಬರೆಯಬೇಕು. ಗ್ರಾಮೀಣ ಡಾಕ್ ಸೇವಕರದ್ದು ದಿನಕ್ಕೆ ನಾಲ್ಕೈದು ಗಂಟೆಯ ಕೆಲಸವೇನೋ ಹೌದು, ಆಯ್ಕೆಯೂ ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ, ಆದರೆ ಅದು ಹಗಲಿನದು. ರಾತ್ರಿ ಪಾರ್ಟ್‌ಟೈಮ್ ಸಿಗುವುದು ಹೆಚ್ಚಾಗಿ ಕೊರಿಯರ್ ಹಬ್‌ಗಳಲ್ಲಿ, ಅದೂ ಗುತ್ತಿಗೆದಾರರ ಮೂಲಕ. ಸಂಜೆ ಹೊತ್ತು ನೇರವಾಗಿ ಹೋಗಿ ಸೂಪರ್‌ವೈಸರನ್ನು ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ‘ರಿಜಿಸ್ಟ್ರೇಷನ್ ಫೀ ಕಟ್ಟಿ’ ಎಂದವನ ನಂಬರನ್ನು ಅಲ್ಲೇ ಬ್ಲಾಕ್ ಮಾಡಿ.

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಸಂಬಳ ಗಂಟೆ ಲೆಕ್ಕವೋ ಪಾಳಿ ಲೆಕ್ಕವೋ, ಲಾರಿ ತಡವಾಗಿ ಬಂದರೆ ಕಾದ ಹೊತ್ತಿಗೆ ದುಡ್ಡುಂಟೋ ಎಂದು ಮೊದಲೇ ಕೇಳಿ. ನನ್ನ ಗುತ್ತಿಗೆದಾರ ಕಾದ ಹೊತ್ತಿಗೆ ಕೊಡುತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಎಂದು ಹಿಡಿದರೆ ಅದು ಸಂಬಳದ ಶೇ 0.75 ಮಾತ್ರ. ಹಿಡಿದ ಮೇಲೆ ಇಎಸ್‌ಐ ನಂಬರ್ ಕೇಳಿ ಪಡೆಯಿರಿ. ಹೆಣ್ಣುಮಕ್ಕಳು ಮನೆವರೆಗಿನ ವಾಹನದ ವಿಷಯ ಇತ್ಯರ್ಥ ಮಾಡಿಕೊಳ್ಳದೆ ಒಪ್ಪಲೇಬೇಡಿ.

ಇನ್ನು ಕೆಲಸ. ಇದರ ಜೀವ ಪಿನ್‌ಕೋಡ್‌ನಲ್ಲಿದೆ. 1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಅಂಚೆ ಕಚೇರಿಯನ್ನು ಹೇಳುತ್ತವೆ. ನಮ್ಮ ಕಡೆ ತಮಾಷೆ ಎಂದರೆ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಚಿತ್ರದುರ್ಗ ಎಲ್ಲಕ್ಕೂ 577ರ ಕೋಡ್‌ಗಳಿವೆ. ಹಾಗಾಗಿ ಕಣ್ಣು ನಾಲ್ಕನೇ ಅಂಕಿಗೆ ಹೋಗಬೇಕು: ಶಿವಮೊಗ್ಗ 577201, ಭದ್ರಾವತಿ 577301, ಸಾಗರ 577401. ಇಷ್ಟಕ್ಕೇ ಕಲಿತೆ ಅಂದುಕೊಳ್ಳಬೇಡಿ. ತೀರ್ಥಹಳ್ಳಿ 577432, ಅಂಕಿಯಲ್ಲಿ ಸಾಗರದ ನೆಂಟ, ರಸ್ತೆ ಬೇರೆಯೇ. ಚನ್ನಗಿರಿ 577213, ತರೀಕೆರೆ 577228. ನೋಡಿದರೆ ಶಿವಮೊಗ್ಗದವು, ಜಿಲ್ಲೆ ಬೇರೆ. ಇಂಥ ಇಪ್ಪತ್ತು ಕೋಡ್‌ಗಳನ್ನು ರಟ್ಟಿನ ಮೇಲೆ ಬರೆದು ಮೇಜಿಗೆ ಅಂಟಿಸಿಕೊಂಡರೆ ಎರಡನೇ ವಾರಕ್ಕೆ ರಟ್ಟು ಬೇಡವಾಗುತ್ತದೆ.

ಊರ ಹೆಸರನ್ನು ಮಾತ್ರ ನಂಬಬೇಡಿ. ಇಲ್ಲೇ ಬುಕ್ ಆದ ಅಡಿಕೆ ಹಾಳೆ ತಟ್ಟೆಯ ಬಾಕ್ಸೊಂದರ ಮೇಲೆ ‘ಸಾಗರ್’ ಎಂದಿತ್ತು. ನಾನು ಕಣ್ಣುಮುಚ್ಚಿ ನಮ್ಮ ಸಾಗರದ ಚೀಲಕ್ಕೆ ಎಸೆದೆ. ಪಿನ್ 470ರಿಂದ ಶುರುವಾಗಿತ್ತು. ಅದು ಹೋಗಬೇಕಾದದ್ದು ಮಧ್ಯಪ್ರದೇಶಕ್ಕೆ! ನಾಲ್ಕು ದಿನದ ಮೇಲೆ ಒದ್ದೆಯಾಗಿ ವಾಪಸ್ ಬಂತು. ಭದ್ರಾವತಿ ಎಂಬ ಊರು ಮಹಾರಾಷ್ಟ್ರದಲ್ಲೂ ಇದೆ, ಅಲ್ಲಿಯ ಪಿನ್ 4ರಿಂದ ಶುರು.

ಮಲೆನಾಡಿನ ವಿಳಾಸಗಳೋ, ಒಂದು ಪುಟ್ಟ ಕಾದಂಬರಿ. ಮನೆ ಹೆಸರು, ಕೇರಿ, ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು. ‘ಅಂಚೆ’ ಮತ್ತು ‘ತಾಲ್ಲೂಕು’ ಎಂಬೆರಡು ಪದದ ಹಿಂದೆ ಏನಿದೆ ಅಷ್ಟನ್ನೇ ಓದಿ, ಪಿನ್ ಜೊತೆ ತಾಳೆ ನೋಡಿ. ತಾಳೆಯಾಗದ್ದನ್ನು ಊಹಿಸಿ ಹಾಕದೆ ಪಕ್ಕದ ಕ್ರೇಟಿನಲ್ಲಿಡಿ. ಮಳೆಯಲ್ಲಿ ಶಾಯಿ ಕದಡಿದ್ದರೆ ಲೇಬಲ್ಲನ್ನು ಉಜ್ಜಬೇಡಿ, ಒಣಬಟ್ಟೆ ಒತ್ತಿ ತೆಗೆಯಿರಿ.

ಮೈ ಪಳಗಲು ಹತ್ತು ದಿನ ಬೇಕು. ಭಾರ ಎತ್ತುವಾಗ ಸೊಂಟವಲ್ಲ, ಮೊಣಕಾಲು ಬಗ್ಗಲಿ. ನಡುರಾತ್ರಿ ಚಿತ್ರಾನ್ನಕ್ಕಿಂತ ಮೊಸರನ್ನ ವಾಸಿ. ಎರಡರ ನಂತರ ಟೀ ಕುಡಿದರೆ ಬೆಳಿಗ್ಗೆ ನಿದ್ದೆಗೆ ಕಲ್ಲು. ಕಣ್ಣೆಳೆಯುತ್ತಿದ್ದರೆ ಮಂಜಿನಲ್ಲಿ ಬೈಕ್ ಹತ್ತಬೇಡಿ, ಮೊದಲ ಬಸ್ಸಿಗೆ ಕಾಯಿರಿ. ಹಗಲು ಕಿಟಕಿಗೆ ಕಂಬಳಿ ಕಟ್ಟಿ ಮಲಗಬೇಕು. ಮನೆಯವರಿಗೆ ಇದನ್ನು ಒಪ್ಪಿಸುವುದೇ ಕೆಲಸ ಹುಡುಕುವುದಕ್ಕಿಂತ ಕಷ್ಟ. ‘ಹತ್ತು ಗಂಟೆಗೆ ಮಲಗ್ತೀಯೇನೋ?’ ಎಂದು ನನ್ನ ಅಜ್ಜಿ ಕೊನೆಯವರೆಗೂ ಗೊಣಗಿದರು.

ಚೀಲಕ್ಕೆ ಸೀಲ್ ಹಾಕುವ ಮುಂಚೆ ಸ್ಕ್ಯಾನರಿನ ಲೆಕ್ಕ, ಚೀಲದ ಲೆಕ್ಕ ಕೂಡಿಬರಬೇಕು. ಒಂದು ಕಡಿಮೆ ಬಂದರೆ ಗಾಬರಿಯಾಗದೆ, ಮೊದಲು ಖಾಲಿ ಚೀಲಗಳನ್ನು ತಲೆಕೆಳಗು ಮಾಡಿ ಕೊಡವಿ. ನನಗೆ ಕಾಣೆಯಾದ ಕವರುಗಳಲ್ಲಿ ಹೆಚ್ಚಿನವು ಅಲ್ಲೇ, ಹೊಲಿಗೆಯ ಮೂಲೆಯಲ್ಲಿ ಸಿಕ್ಕಿದ್ದು.