ಫಿಟ್ಸ್ ಬಾರದ ದಿನಗಳನ್ನೂ ಕೇಳಬೇಕು

ಮೂರ್ಛೆ ರೋಗಕ್ಕೆ ಮಾತ್ರೆ ತಗೊಳ್ಳುವವರು ಕ್ಲಿನಿಕ್ಕಿಗೆ ಬಂದರೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಈ ತಿಂಗಳು ಎಷ್ಟು ಸಲ ಬಂತು?" ಬಂದಿಲ್ಲ ಎಂದರೆ ಹಳೇ ಚೀಟಿಯನ್ನೇ ಮತ್ತೆ ಬರೆದುಕೊಟ್ಟು ಕಳಿಸುವುದು. ಕೊಡಗಿನ ಸಿದ್ದಾಪುರದ ಸುತ್ತಲಿನ ತೋಟಗಳಿಂದ ಬರುವವರನ್ನು ನೋಡುತ್ತ ನೋಡುತ್ತ ನಾನು ಆ ಪ್ರಶ್ನೆಯನ್ನು ಹಿಂದಕ್ಕೆ ಹಾಕಿದ್ದೇನೆ. ಈಗ ಮೊದಲು ಕೇಳುವುದು ನಿದ್ದೆಯ ವಿಷಯ. ಆಮೇಲೆ ಊಟ, ಕೆಲಸಕ್ಕೆ ಹೋಗುತ್ತಿದ್ದಾರಾ, ಮನೆಯಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದಾರೆ. ಫಿಟ್ಸ್ ಬರುವುದು ತಿಂಗಳಲ್ಲಿ ಎರಡೋ ಮೂರೋ ನಿಮಿಷ. ಬದುಕುವುದು ಉಳಿದ ಅಷ್ಟೂ ಹೊತ್ತು.

ಮೂರ್ಛೆ ಇರುವ ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಆತಂಕದ ಕಾಯಿಲೆಯೂ ಹೆಚ್ಚುಕಡಿಮೆ ಅಷ್ಟೇ. "ಇಂಥಾ ಕಾಯಿಲೆ ಇದ್ದವರಿಗೆ ಬೇಜಾರಾಗದೆ ಇರುತ್ತದಾ" ಎಂದು ಮನೆಯವರೂ ಬಿಡುತ್ತಾರೆ, ಡಾಕ್ಟರುಗಳೂ ಬಿಡುತ್ತಾರೆ. ಆದರೆ ಅದು ಬರೀ ಕಾಯಿಲೆಯ ದುಃಖ ಅಲ್ಲ. ಎಷ್ಟೋ ಜನರಿಗೆ ಫಿಟ್ಸ್ ಹುಟ್ಟುವುದು ಮೆದುಳಿನ ಟೆಂಪೊರಲ್ ಭಾಗದಲ್ಲಿ, ಅಂದರೆ ಕಿವಿಯ ಹತ್ತಿರದ ಭಾಗದಲ್ಲಿ. ಭಯ, ಸಿಟ್ಟು, ನೆನಪು ಎಲ್ಲದಕ್ಕೂ ಅದೇ ಜಾಗದ ನಂಟು. ಕೆಲವರಲ್ಲಿ ಮೊದಲ ಫಿಟ್ಸ್‌ಗಿಂತ ಮುಂಚೆಯೇ ಖಿನ್ನತೆ ಕಾಣಿಸಿಕೊಂಡಿರುತ್ತದೆ. ಖಿನ್ನತೆ ಇದ್ದವರು ಮಾತ್ರೆ ತಪ್ಪಿಸುತ್ತಾರೆ, ನಿದ್ದೆಗೆಡುತ್ತಾರೆ, ಕುಡಿಯುತ್ತಾರೆ. ಹಾಗಾಗಿ ಮತ್ತೆ ಫಿಟ್ಸ್.

ಮಡಿಕೇರಿಗೆ ಹೋಗಿ ಮನೋವೈದ್ಯರನ್ನು ಕಾಣಿ ಎಂದು ಬರೆದುಕೊಡುವುದು ಸುಲಭ. ಲೈನ್ ಮನೆಯ (ತೋಟದ ಕೂಲಿಯವರ ಸಾಲು ಮನೆ) ಹೆಂಗಸಿಗೆ ಅದು ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಮೇಲೆ "ಹುಚ್ಚಿನ ಡಾಕ್ಟ್ರ ಹತ್ತಿರ ಹೋಗಿ ಬಂದಳು" ಎಂಬ ಮಾತು. ಅವರು ಹೋಗುವುದಿಲ್ಲ. ಆದ್ದರಿಂದ ಮನಸ್ಸಿನ ಚಿಕಿತ್ಸೆಯನ್ನು ಫಿಟ್ಸ್ ಚೀಟಿಯ ಒಳಗೇ ಸೇರಿಸಿಕೊಂಡೆ. ಅದೇ ಕೋಣೆ, ಅದೇ ಕುರ್ಚಿ, ಅದೇ ಫೀಸು. ನಾನು ಮನೋವೈದ್ಯೆಯಲ್ಲ, ಎಂಬಿಬಿಎಸ್ ಡಾಕ್ಟರು. ಕೈಮೀರಿದ್ದನ್ನು ಜಿಲ್ಲಾಸ್ಪತ್ರೆಗೋ ನಿಮ್ಹಾನ್ಸ್‌ಗೋ ಕಳಿಸಲೇಬೇಕು, ಕಳಿಸುತ್ತೇನೆ. ಆದರೆ ಬಹುಪಾಲು ಕೆಲಸ ಇಲ್ಲೇ ಆಗುವಂಥದ್ದು.

ಖಿನ್ನತೆ ಇದೆಯಾ ಎಂದು ಕೇಳುವುದಕ್ಕೆ ಎನ್‌ಡಿಡಿಐ-ಇ ಎಂಬ ಆರು ಪ್ರಶ್ನೆಗಳ ಪಟ್ಟಿ ಇದೆ, ಮೂರ್ಛೆ ಇರುವವರಿಗಾಗಿಯೇ ಮಾಡಿದ್ದು. ಮಾಮೂಲಿ ಪಟ್ಟಿಗಳಲ್ಲಿ ಸುಸ್ತು, ಮರೆವು, ಮಂಪರು ಎಲ್ಲ ಲೆಕ್ಕಕ್ಕೆ ಬರುತ್ತವೆ. ಇವು ಮಾತ್ರೆಯಿಂದಲೂ ಆಗುವುದರಿಂದ ಲೆಕ್ಕ ಕೆಡುತ್ತದೆ. ಈ ಪಟ್ಟಿ ಕೇಳುವುದು ಕಳೆದ ಎರಡು ವಾರದಲ್ಲಿ ಎಲ್ಲವೂ ಹೆಣಗಾಟ ಅನ್ನಿಸಿತಾ, ಮಾಡಿದ್ದೆಲ್ಲ ತಪ್ಪು ಅನ್ನಿಸಿತಾ, ಸತ್ತರೇ ವಾಸಿ ಅನ್ನಿಸಿತಾ ಎಂಬಂಥದ್ದನ್ನು. ಒಂದೊಂದಕ್ಕೆ 1ರಿಂದ 4 ಅಂಕ, ಒಟ್ಟು 15 ದಾಟಿದರೆ ಕೂಲಂಕಷವಾಗಿ ಮಾತಾಡಬೇಕು. ನಾನು ಕಾಗದ ಕೊಡುವುದಿಲ್ಲ, ಬಿ.ಪಿ. ಪಟ್ಟಿ ಸುತ್ತುತ್ತ ಬಾಯಲ್ಲೇ ಕೇಳುತ್ತೇನೆ. ಫಿಟ್ಸ್ ಬಂದು ಮೂರು ದಿನ ಆಗುವ ತನಕ ಕೇಳುವುದಿಲ್ಲ, ಆ ಮಂಕು ಬೇರೆ ಥರದ್ದು. ಅತ್ತೆಯೋ ಗಂಡನೋ ಜೊತೆಗೆ ಬಂದಿದ್ದರೆ "ನೀವು ಹೊರಗೆ ಸಿಸ್ಟರ್ ಹತ್ತಿರ ಹೆಸರು ಬರೆಸಿ ಬನ್ನಿ" ಎಂದು ಕಳಿಸುವುದು ನಮ್ಮ ರೂಢಿ. ಸಿಸ್ಟರಿಗೂ ಗೊತ್ತು, ಹೆಸರು ಬರೆಯಲು ಕಾಲು ಗಂಟೆ ಹಿಡಿಯುತ್ತದೆ.

ಸಾಯುವ ಯೋಚನೆ ಬಗ್ಗೆ ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಇಲ್ಲ, ಕೇಳಿಸಿಕೊಂಡವರು ಹೆಚ್ಚಾಗಿ ಹಗುರಾಗುತ್ತಾರೆ. ಹೌದು ಎಂಬ ಉತ್ತರ ಬಂದರೆ ಕೊಡಗಿನಲ್ಲಿ ಮುಂದಿನ ಪ್ರಶ್ನೆ ಕೋವಿಯದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಮಗ ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂಬ ಪದ್ಧತಿಯ ನಾಡು ಇದು. ಇಂಥಲ್ಲಿ "ಕೋವಿ ತೆಗೆದುಬಿಡಿ" ಎಂದರೆ ಮನೆ ಹಿರಿಯರಿಗೆ ಅವಮಾನ. ನಾನು ಹೇಳುವುದು ಬೇರೆ: ಕೋವಿ ಬೀರುವಿನಲ್ಲೇ ಇರಲಿ, ಬೀಗದ ಕೈ ಅಣ್ಣನ ಹತ್ತಿರ ಇರಲಿ, ಕಾಡತೂಸು ಮನೆಯಲ್ಲಿ ಬೇಡ, ಕೈಲ್‌ಪೊಳ್ದ್ (ಆಯುಧಪೂಜೆಯ ಹಬ್ಬ) ದಿನ ಪೂಜೆಗೆ ಎಲ್ಲರೆದುರು ತೆಗೆಯಿರಿ. ಒಬ್ಬ ಹಿರಿಯರು ನನ್ನನ್ನೇ ದಿಟ್ಟಿಸಿ ನೋಡಿ, "ಡಾಕ್ಟ್ರಮ್ಮ, ಕೋವಿ ನನ್ನದು, ಕಾಯಿಲೆ ಅವನದು" ಅಂದರು. ಬೀಗ ಹಾಕಲು ಮಾತ್ರ ಒಪ್ಪಿದರು. ಲೈನ್ ಮನೆಗಳಲ್ಲಿ ಕೋವಿ ಇಲ್ಲ, ಕ್ರಿಮಿನಾಶಕ ಇದೆ. ಅದು ತೋಟದ ಗೋಡೌನಿನಲ್ಲೇ ಇರಬೇಕು ಎಂದು ರೈಟ್ರಿಗೆ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಹೇಳಿಸುತ್ತೇನೆ. ಮೂರ್ಛೆ ಮಾತ್ರೆಯೂ ವಿಷವೇ, ಅದರಲ್ಲೂ ಫಿನೋಬಾರ್ಬಿಟಾಲ್. ಜೂನ್ ಮಳೆ ಹಿಡಿಯುವ ಮುಂಚೆ ಎಲ್ಲರಿಗೂ ಎರಡು ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟು ಕಳಿಸುವುದು ನನ್ನ ಕ್ರಮ. ಸಾಯುವ ಮಾತಾಡಿದವರಿಗೆ ಮಾತ್ರ ವಾರಕ್ಕಾಗುವಷ್ಟು, ಅದೂ ಮನೆಯ ಇನ್ನೊಬ್ಬರ ಕೈಗೆ. ದಾರಿ ಕಡಿದುಹೋದ ವಾರಗಳಲ್ಲಿ ಇದು ತಲೆನೋವೇ. ಅಂಥ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಅನ್ನು ಮಾತ್ರೆಯ ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತೇವೆ. ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿಯೂ ಇರುತ್ತದೆ.

ಮನಸ್ಸು ಕೆಡಿಸುವುದರಲ್ಲಿ ನಾವು ಕೊಡುವ ಮಾತ್ರೆಯ ಪಾಲೂ ಇದೆ. ಒಂದು ತೋಟದ ರೈಟರಿಗೆ (ಗುರುತು ಸಿಗದಂತೆ ಬದಲಿಸಿ ಹೇಳುತ್ತಿದ್ದೇನೆ) ಲೆವೆಟಿರಾಸೆಟಮ್ ಎಂಬ ಮೂರ್ಛೆ ಮಾತ್ರೆ ಶುರುಮಾಡಿದ ಮೇಲೆ ಫಿಟ್ಸ್ ಪೂರ್ತಿ ನಿಂತಿತ್ತು. ಅವನ ಹೆಂಡತಿ ಬಾಗಿಲ ಹತ್ತಿರವೇ ನಿಂತು, "ಫಿಟ್ಸ್ ಏನೋ ಇಲ್ಲ ಡಾಕ್ಟ್ರಮ್ಮ. ಮನುಷ್ಯ ಮಾತ್ರ ಬೇರೆಯೇ ಆಗಿದ್ದಾರೆ. ಅನ್ನದ ತಟ್ಟೆ ಎಸೀತಾರೆ" ಅಂದಳು. ಲೆವೆಟಿರಾಸೆಟಮ್‌ನಿಂದ ಸಿಟ್ಟು, ಸಿಡುಕು, ಖಿನ್ನತೆ ಬರಬಹುದು ಎಂಬುದು ಚೆನ್ನಾಗಿ ಗೊತ್ತಿರುವ ವಿಷಯ, ಆದರೆ ಮನೆಯವರಿಗೆ ಹೇಳುವವರು ಕಡಿಮೆ. ನರರೋಗ ತಜ್ಞರ ಜೊತೆ ಫೋನಿನಲ್ಲಿ ಮಾತಾಡಿ ಲ್ಯಾಮೊಟ್ರಿಜಿನ್‌ಗೆ ಬದಲಿಸಿದೆವು. ಅದನ್ನು ವಾರಗಟ್ಟಲೆ ಹಿಡಿದು ಮೆಲ್ಲನೆ ಏರಿಸಬೇಕು, ಮೈಮೇಲೆ ಗುಳ್ಳೆ ಎದ್ದರೆ ಆ ದಿನವೇ ಬರಬೇಕು. ಹೊಸದು ಪೂರ್ತಿ ಕೂರುವ ತನಕ ಹಳೇದನ್ನು ತಾವಾಗಿ ನಿಲ್ಲಿಸುವ ಹಾಗಿಲ್ಲ. ಎರಡೂ ಬೇಡ ವಾಲ್‌ಪ್ರೊಯೇಟ್ ಕೊಡೋಣ ಎಂದರೆ ಗಂಡಸಿಗೆ ನಡೆದೀತು. ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ, ಆದಷ್ಟೂ ದೂರ ಇಡುತ್ತೇನೆ.

ಖಿನ್ನತೆಯ ಮಾತ್ರೆ ಕೊಟ್ಟರೆ ಫಿಟ್ಸ್ ಜಾಸ್ತಿಯಾಗುತ್ತದೆ ಎಂಬ ಹೆದರಿಕೆ ಮೆಡಿಕಲ್ ಶಾಪಿನವರಿಂದ ಹಿಡಿದು ಡಾಕ್ಟರುಗಳವರೆಗೂ ಇದೆ. ಬುಪ್ರೊಪಿಯಾನ್, ಕ್ಲೋಮಿಪ್ರಮಿನ್ ವಿಷಯದಲ್ಲಿ ಆ ಹೆದರಿಕೆ ಸರಿ. ಸರ್ಟ್ರಾಲಿನ್, ಎಸಿಟಾಲೊಪ್ರಾಮ್ ಮಾಮೂಲಿ ಪ್ರಮಾಣದಲ್ಲಿ ಕೊಡಬಹುದು, ಕಡಿಮೆಯಿಂದ ಶುರುಮಾಡುತ್ತೇನೆ. ಕೊಡದೆ ಬಿಡುವುದೇ ಹೆಚ್ಚು ಅಪಾಯ ಎಂಬುದು ನನ್ನ ಅಭಿಪ್ರಾಯ.

ಸಾಲುಸಾಲಾಗಿ ಫಿಟ್ಸ್ ಬಂದವರು ಒಂದೆರಡು ದಿನ ಚೆನ್ನಾಗಿದ್ದು, ಆಮೇಲೆ ಇದ್ದಕ್ಕಿದ್ದ ಹಾಗೆ ನಿದ್ದೆಯಿಲ್ಲದೆ ಏನೇನೋ ಮಾತಾಡುವುದು, ಯಾರೋ ಕೊಲ್ಲಲು ಬಂದರು ಎಂದು ಓಡುವುದು ಉಂಟು. ನಡುವೆ ಚೆನ್ನಾಗಿದ್ದ ಕಾರಣ ಫಿಟ್ಸ್‌ಗೂ ಇದಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ, ಮೈಮೇಲೆ ಬಂದಿದೆ ಎಂದು ಮಂತ್ರವಾದಿಯ ಹತ್ತಿರ ಓಡುತ್ತಾರೆ. ಪೂಜೆಗೆ ನನ್ನ ತಕರಾರಿಲ್ಲ. ಮಾತ್ರೆ ನಿಲ್ಲಿಸಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆತನ್ನಿ ಎಂದು ಮೊದಲೇ ಹೇಳಿಟ್ಟಿರುತ್ತೇನೆ. ಚಿಕಿತ್ಸೆ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ.

ಇನ್ನೊಂದು ಗುಂಪು ಇದೆ, ಫಿಟ್ಸ್ ಥರವೇ ಕಾಣುವ ಆದರೆ ಮೆದುಳಿನ ವಿದ್ಯುತ್ ಏರುಪೇರಿನಿಂದ ಬರದ ಅಟ್ಯಾಕ್‌ಗಳು. ಮನೆಯವರಿಗೆ ಫೋನಿನಲ್ಲಿ ವಿಡಿಯೊ ಮಾಡಿ ತನ್ನಿ ಅನ್ನುತ್ತೇನೆ. ಕಣ್ಣು ಬಿಗಿಯಾಗಿ ಮುಚ್ಚಿರುವುದು, ತಲೆ ಅತ್ತಿತ್ತ ಆಡುವುದು, ತುಂಬ ಹೊತ್ತು ನಡೆಯುವುದು ಕಂಡರೆ ಸಂಶಯ ಬರುತ್ತದೆ. ಖಚಿತಕ್ಕೆ ವಿಡಿಯೊ ಇಇಜಿ (ವಿಡಿಯೊ ಜೊತೆಗೇ ಮೆದುಳಿನ ವಿದ್ಯುತ್ ದಾಖಲಿಸುವ ಪರೀಕ್ಷೆ) ಬೇಕು, ಅದಕ್ಕೆ ನಿಮ್ಹಾನ್ಸ್‌ನಂಥ ಕಡೆ ಹೋಗಬೇಕು. ಇದನ್ನು "ನಾಟಕ" ಅನ್ನುವವರ ಮೇಲೆ ನನಗೆ ಸಿಟ್ಟಿದೆ, ಬಿಳಿ ಕೋಟು ಹಾಕಿದವರೂ ಅಂದದ್ದನ್ನು ಕೇಳಿದ್ದೇನೆ. ಅಟ್ಯಾಕ್ ಬಂದವರು ಬೇಕೆಂದು ಮಾಡುತ್ತಿಲ್ಲ. ಇದಕ್ಕೆ ಮದ್ದು ಮೂರ್ಛೆ ಮಾತ್ರೆಯಲ್ಲ, ಕೂತು ಮಾತಾಡುವ ಚಿಕಿತ್ಸೆ. ಎರಡೂ ಥರದ್ದು ಒಬ್ಬರಿಗೇ ಇರುವುದೂ ಉಂಟು, ಆದ್ದರಿಂದ ಮಾತ್ರೆಯನ್ನು ಅವಸರದಲ್ಲಿ ಕೀಳುವುದೂ ತಪ್ಪು.

ಮದುವೆಯ ವಿಷಯ ಬಂದರೆ ನಾನು ಒಂದು ಕಾನೂನು ಹೇಳುತ್ತೇನೆ. ಹಿಂದೂ ವಿವಾಹ ಕಾಯ್ದೆ, ವಿಶೇಷ ವಿವಾಹ ಕಾಯ್ದೆ ಎರಡರಲ್ಲೂ ಮೂರ್ಛೆ ಇದ್ದವರ ಮದುವೆಗೆ ಅಡ್ಡಿಯಾಗಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಇದು ಗೊತ್ತಿಲ್ಲದೆ ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಹುಡುಗಿ ಮಾತ್ರೆಯ ಸ್ಟ್ರಿಪ್ಪನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು, ಅತ್ತೆ ಅಡುಗೆಮನೆಯಲ್ಲಿದ್ದ ದಿನ ತಪ್ಪಿಸಿ, ಕೊನೆಗೆ ಹುತ್ತರಿ ಹಬ್ಬದ ಗದ್ದಲದಲ್ಲೇ ಬೀಳುತ್ತಾಳೆ. ಗಂಡನಿಗಾದರೂ ಮೊದಲೇ ಹೇಳಿ ಎಂದು ಒತ್ತಾಯಿಸುತ್ತೇನೆ. ಬೇಕಿದ್ದರೆ ನಾನೇ ಹೇಳುತ್ತೇನೆ. (ಹಂದಿ ಮಾಂಸ ತಿಂದದ್ದಕ್ಕೇ ಬಂತಾ ಎಂಬ ಪ್ರಶ್ನೆಯೂ ಆಗಲೇ ಬರುವುದು. ಫಿಟ್ಸ್ ತರಿಸುವ ಹುಳದ ಗಂಟು ಮೆದುಳಿನಲ್ಲಿ ಆಗುವುದು ಮನುಷ್ಯರ ಮಲದಿಂದ ನೀರು, ಸೊಪ್ಪು, ಕೈ ಸೇರುವ ಲಾಡಿಹುಳದ ಮೊಟ್ಟೆಯಿಂದ; ಹಂದಿ ಮುಟ್ಟದವರಿಗೂ ಬರುತ್ತದೆ. ಪಂದಿ ಕರಿಯನ್ನು ಚೆನ್ನಾಗಿ ಬೇಯಿಸಿ, ಅಷ್ಟು ಸಾಕು.)

ಕೆಲಸ ಬಿಡಿಸುವುದು ಮನಸ್ಸನ್ನು ಕೆಡಿಸಲು ಹತ್ತಿರದ ದಾರಿ. ಏಣಿ ಹತ್ತಿ ಮೆಣಸು ಕೊಯ್ಯುವುದು, ಕಳೆ ಕೊಚ್ಚುವ ಮೆಷಿನ್ನು, ಒಬ್ಬರೇ ಕೆರೆಗೆ ಇಳಿಯುವುದು ಬೇಡ. ಕಣದಲ್ಲಿ ಕಾಫಿ ಹರವುವುದು, ನರ್ಸರಿಯಲ್ಲಿ ಮಣ್ಣು ತುಂಬುವುದು, ನೆಲದ ಮೇಲೆ ನಿಂತು ಹಣ್ಣು ಕೊಯ್ಯುವುದು ಮಾಡಬಹುದು. ಮನೆಯಲ್ಲಿ ಕೂತವರಿಗಿಂತ ಕೂಲಿಗೆ ಹೋಗುವವರು ಬೇಗ ಚೇತರಿಸಿಕೊಳ್ಳುವುದನ್ನು ನೋಡಿದ್ದೇನೆ.

ಈ ಸಲ ಮೆಣಸಿನ ಕೊಯ್ಲಿಗೆ ಮುಂಚೆ ಹತ್ತಿರದ ತೋಟಗಳ ರೈಟ್ರು, ಮೇಸ್ತ್ರಿಗಳನ್ನು ಕರೆದು ಕೂರಿಸಬೇಕೆಂದಿದ್ದೇನೆ. ಯಾರನ್ನು ಏಣಿ ಹತ್ತಿಸಬಾರದು, ಬಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುವುದಿಲ್ಲ, ಐದು ನಿಮಿಷ ದಾಟಿದರೆ ಜೀಪ್ ತೆಗೆಯಬೇಕು. ಬಿದ್ದ ದಿನದ ಕೂಲಿ ಕತ್ತರಿಸಬೇಡಿ ಎಂದೂ ಕೇಳುವುದಿದೆ. ಅದಕ್ಕೆ ಸಾಹುಕಾರರು ಏನನ್ನುತ್ತಾರೋ ನೋಡಬೇಕು.