ದೊಡ್ಡಾಟ ನೇರಪ್ರಸಾರಕ್ಕೆ ಎಂಥ ಕ್ಯಾಪ್ಚರ್ ಕಾರ್ಡ್ ಕೊಳ್ಳಬೇಕು?

ಸುಗ್ಗಿಯ ಹೊತ್ತಿನಲ್ಲಿ ಗಂಗಾವತಿಯ ರೈಸ್ ಮಿಲ್‌ಗಳ ಮುಂದೆ ಭತ್ತ ಹೇರಿಕೊಂಡ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿರುವುದನ್ನು ನೋಡಿದವರಿಗೆ ಕ್ಯಾಪ್ಚರ್ ಕಾರ್ಡ್ ಅರ್ಥ ಮಾಡಿಸುವುದು ಸುಲಭ. ಕಾರ್ಡ್ ಎಂದರೆ ಟ್ರ್ಯಾಲಿ. ಕ್ಯಾಮೆರಾದ ದೃಶ್ಯವನ್ನು ತಂದು ಕಂಪ್ಯೂಟರಿನಲ್ಲಿ ಸುರಿಯುವುದಷ್ಟೇ ಅದರ ಕೆಲಸ. ಭತ್ತವನ್ನು ಅಕ್ಕಿ ಮಾಡುವ ಕೆಲಸ, ಅಂದರೆ ದೃಶ್ಯವನ್ನು ಅಂತರ್ಜಾಲದಲ್ಲಿ ಹರಿಯುವಷ್ಟು ಕುಗ್ಗಿಸುವ ಎನ್‌ಕೋಡಿಂಗ್, ಈಗಿನ ಬಹುತೇಕ ಕಾರ್ಡ್‌ಗಳಲ್ಲಿ ನಡೆಯುವುದೇ ಇಲ್ಲ. ಅದು ಕಂಪ್ಯೂಟರ್ ಎಂಬ ಮಿಲ್ಲಿನ ಪಾಲು. ದುಬಾರಿ ಕಾರ್ಡ್ ತಂದರೆ ಹಳೆಯ ಲ್ಯಾಪ್‌ಟಾಪ್ ತಾನೇ ಚುರುಕಾಗುತ್ತದೆ ಎಂದು ನಂಬಿ ಹಣ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ನಮ್ಮ ಕೊಪ್ಪಳ ಸೀಮೆಯಲ್ಲಿ ಈಗ ಮದುವೆ, ಜಾತ್ರೆ, ದೊಡ್ಡಾಟ ಎಲ್ಲವೂ ನೇರಪ್ರಸಾರವಾಗಬೇಕು. ಬೆಂಗಳೂರಿಗೆ ದುಡಿಯಲು ಹೋದವರಿಗೆ ಊರಿನ ಆಟ ಮೊಬೈಲಿನಲ್ಲೇ ಕಾಣಬೇಕು. ರಾತ್ರಿ ಶುರುವಾಗಿ ಬೆಳಗಿನ ಜಾವ ಮಂಗಳ ಹಾಡುವ ದೊಡ್ಡಾಟಕ್ಕೆ ತಡೆದುಕೊಳ್ಳುವ ಕಾರ್ಡ್ ಮಿಕ್ಕೆಲ್ಲಕ್ಕೂ ಸಾಕು.

ಮೊದಲು ಮಿಲ್ ನೋಡಿ

ಅಂಗಡಿಗೆ ಹೋಗುವ ಮುನ್ನ ನಿಮ್ಮ ಲ್ಯಾಪ್‌ಟಾಪಿನಲ್ಲಿ ನೇರಪ್ರಸಾರ ಮಾಡುವ ಓಬಿಎಸ್ ತಂತ್ರಾಂಶ ಹಾಕಿ. ಅದು ಉಚಿತ. ಸೆಟ್ಟಿಂಗ್ಸ್‌ನ ಔಟ್‌ಪುಟ್ ವಿಭಾಗದಲ್ಲಿ ಎನ್‌ಕೋಡರ್ ಪಟ್ಟಿ ತೆರೆಯಿರಿ. ಇಂಟೆಲ್‌ನ ಕ್ವಿಕ್ ಸಿಂಕ್ (2011ರಿಂದ ಬಂದದ್ದು), ಎನ್‌ವಿಡಿಯಾದ ಎನ್ವೆಂಕ್ (2012ರಿಂದ) ಅಥವಾ ಎಎಂಡಿಯ ಎನ್‌ಕೋಡರ್ ಅಲ್ಲಿ ಕಂಡರೆ ನಿಶ್ಚಿಂತೆ. ಆ ಕೆಲಸಕ್ಕೆಂದೇ ಚಿಪ್ಪಿನಲ್ಲಿ ಬೇರೆ ಭಾಗವಿದೆ ಎಂದರ್ಥ. ತಂತ್ರಾಂಶದಿಂದಲೇ ನಡೆಯುವ ಎಕ್ಸ್264 ಎಂಬ ಎನ್‌ಕೋಡರ್ ಒಂದೇ ಇದ್ದರೆ ಇಡೀ ಭಾರ ಪ್ರೊಸೆಸರ್ ಮೇಲೆ. ಹಾಗಿದ್ದಾಗ 1080ಪಿ ಆಸೆ ಬಿಟ್ಟು 720ಪಿಗೆ ಇಳಿಯುವುದೇ ಲೇಸು.

ಆಮೇಲೆ ದಾರಿ

ಸ್ವಲ್ಪ ಲೆಕ್ಕ. 1920×1080 ಚಿತ್ರದ ಪ್ರತಿ ಚುಕ್ಕೆಗೆ 2 ಬೈಟ್, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 104 ಎಂಬಿ. ಯುಎಸ್‌ಬಿ 2ರ ಮಿತಿ ಕಾಗದದ ಮೇಲೆಯೇ 60 ಎಂಬಿ. ಅಗಲವಾದ ಟ್ರ್ಯಾಲಿ ಕಿರಿದಾದ ಗದ್ದೆಬದುವಿನ ಮೇಲೆ ಹೋಗಲಾರದು. ಅದಕ್ಕೇ ಅಗ್ಗದ ಕಾರ್ಡ್‌ಗಳು ದೃಶ್ಯವನ್ನು ಮೋಷನ್ ಜೆಪೆಗ್ ರೂಪದಲ್ಲಿ ಹಿಂಡಿ ಕಳಿಸುತ್ತವೆ. ಲ್ಯಾಪ್‌ಟಾಪ್ ಅದನ್ನು ಬಿಚ್ಚಬೇಕು, ಮತ್ತೆ ಎನ್‌ಕೋಡ್ ಮಾಡಬೇಕು. ಎರಡೆರಡು ಸಲ ಹಿಂಡಿಸಿಕೊಂಡ ಮೇಲೆ ವೇಷಧಾರಿಯ ಕೆಂಪು ಉಡುಪಿನ ಅಂಚು ಕದಡಿದಂತಾಗಿ, ಭುಜಕೀರ್ತಿಯ ಮಿಂಚು ಮಸುಕಾಗುತ್ತದೆ. ಯುಎಸ್‌ಬಿ 3ರಲ್ಲಿ ಈ ತಾಪತ್ರಯವಿಲ್ಲ.

ಆದರೆ ಬಣ್ಣಕ್ಕೆ ಮರುಳಾಗಬೇಡಿ. ನನ್ನ ಮೊದಲ ಕಾರ್ಡಿನ ಪ್ಲಗ್ ಒಳಗೆ ಯುಎಸ್‌ಬಿ 3ರ ಗುರುತಾದ ನೀಲಿ ಪ್ಲಾಸ್ಟಿಕ್ ಇತ್ತು. ಒಳಗಿದ್ದದ್ದು ಮಾತ್ರ ಯುಎಸ್‌ಬಿ 2. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ: ಮುಂದೆ ನಾಲ್ಕು, ಅವುಗಳ ಹಿಂದೆ ಐದು ಲೋಹದ ಪಟ್ಟಿಗಳು ಇರಬೇಕು. ನಾಲ್ಕೇ ಇದ್ದರೆ ಅದು ಯುಎಸ್‌ಬಿ 2. ಒಂಬತ್ತಿದ್ದರೂ ಇನ್ನೊಂದು ಪರೀಕ್ಷೆ ಮಾಡಿ. ಓಬಿಎಸ್‌ನಲ್ಲಿ ಕಾರ್ಡಿಗೆ ವೈಯುವೈ2 ಮಾದರಿ (ದೃಶ್ಯವನ್ನು ಹಿಂಡದೆ ಕಳಿಸುವ ರೂಪ), 1080ಪಿ ಆಯ್ದುಕೊಳ್ಳಿ. ಸೆಕೆಂಡಿಗೆ ಐದು ಚಿತ್ರಕ್ಕೆ ಕುಸಿದರೆ ಬಣ್ಣ ಬಯಲಾದಂತೆ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ 4ಕೆ ಕೂಡ ಇಂಥದ್ದೇ. ಎಷ್ಟೋ ಸಲ ಅದು ಒಳಬರುವ ಸಿಗ್ನಲ್‌ನ ಅಳತೆ. ಕಂಪ್ಯೂಟರಿಗೆ ಎಷ್ಟು ತಲುಪುತ್ತದೆ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. 1080ಪಿ, ಸೆಕೆಂಡಿಗೆ 30 ಚಿತ್ರ ಎಂದು. ನಮಗೆ ಅಷ್ಟೇ ಸಾಕು ಎನ್ನುವುದು ಬೇರೆ ಮಾತು. ಡೆಸ್ಕ್‌ಟಾಪ್ ಇದ್ದವರು ಮದರ್‌ಬೋರ್ಡ್‌ಗೆ ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಕೊಳ್ಳಬಹುದು, ಆದರೆ ಅದನ್ನು ಹೊತ್ತು ಜಾತ್ರೆಗೆ ಹೋಗುವವರು ಯಾರು?

ಕ್ಯಾಮೆರಾದ ಕಡೆ

ಕ್ಯಾಮೆರಾದ ಎಚ್‌ಡಿಎಂಐ ಕಿಂಡಿಯಿಂದ ಕಾರ್ಡಿಗೆ ಹೋಗುವ ದೃಶ್ಯದ ಮೇಲೆ ಬ್ಯಾಟರಿ ಚಿಹ್ನೆ, ಫೋಕಸ್ ಚೌಕ ಬರುವುದನ್ನು ಮೆನುವಿನಲ್ಲಿ ತೆಗೆದುಹಾಕಲು ಸಾಧ್ಯವೇ ನೋಡಿ. ಆಗದಿದ್ದರೆ ಯಾವ ಕಾರ್ಡೂ ಅದನ್ನು ಅಳಿಸದು. ನಮ್ಮ ವಿದ್ಯುತ್ 50 ಹರ್ಟ್ಸ್. ಆದ್ದರಿಂದ ಕ್ಯಾಮೆರಾವನ್ನು ಪಾಲ್ (PAL) ಎಂಬ ವಿಡಿಯೋ ಮಾದರಿಗೆ ಬದಲಿಸಿ, ಸೆಕೆಂಡಿಗೆ 25 ಅಥವಾ 50 ಚಿತ್ರ, ಶಟರ್ 1/50 ಇಡಿ. 60ರಲ್ಲಿಟ್ಟರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಿತ್ರ ಮಿಣುಕುತ್ತದೆ.

ಅಟ್ಟದಿಂದ, ಅಂದರೆ ಆಟದ ವೇದಿಕೆಯಿಂದ, ಲ್ಯಾಪ್‌ಟಾಪಿಗೆ ಹತ್ತು ಮೀಟರ್ ದಾಟಿದರೆ ಸಾಮಾನ್ಯ ಎಚ್‌ಡಿಎಂಐ ಕೇಬಲ್ ನಂಬಬೇಡಿ. ಎಸ್‌ಡಿಐ (ದೂರಕ್ಕೆ ದೃಶ್ಯ ಸಾಗಿಸುವ ಇನ್ನೊಂದು ಬಗೆಯ ಸಂಪರ್ಕ) ಇರುವ ಕ್ಯಾಮೆರಾ ಮತ್ತು ಕಾರ್ಡ್ ಇದ್ದರೆ ಒಳ್ಳೆಯ ಕೊಯಾಕ್ಸಿಯಲ್ ಕೇಬಲಿನಲ್ಲಿ ನೂರು ಮೀಟರಿನ ಹತ್ತಿರಕ್ಕೆ ಹೋಗಬಹುದು. ಮಂದಿ ಕೇಬಲ್ ತುಳಿಯುವುದನ್ನು ತಪ್ಪಿಸಲು ಮಾತ್ರ ಯಾವ ತಂತ್ರಜ್ಞಾನವೂ ಇಲ್ಲ. ಮೇಲೆ ಗೋಣಿಚೀಲ ಹಾಸಿ.

ಧ್ವನಿ: ಎಲ್ಲರೂ ಎಡವುವ ಜಾಗ

ಮಿಕ್ಸರ್‌ನಿಂದ ಧ್ವನಿಯನ್ನು ನೇರವಾಗಿ ಲ್ಯಾಪ್‌ಟಾಪಿಗೆ ಕೊಟ್ಟಿದ್ದೆ. ದೃಶ್ಯ ಕಾರ್ಡ್ ಮೂಲಕ ಬರುವಷ್ಟರಲ್ಲಿ ತುಸು ತಡ. ಪರಿಣಾಮ, ಅಟ್ಟದ ಹಲಗೆ ಮೊದಲು ಧಡಾರ್ ಎನ್ನುತ್ತಿತ್ತು, ವೇಷಧಾರಿಯ ಕಾಲು ಆಮೇಲೆ ನೆಲ ಮುಟ್ಟುತ್ತಿತ್ತು. ಊರಿನವರೊಬ್ಬರು ಫೋನ್ ಮಾಡಿ, 'ದುರ್ಯೋಧನನಿಗೆ ಗೊತ್ತಾಗುವ ಮೊದಲೇ ಮದ್ದಳೆಯವನಿಗೆ ಗೊತ್ತಾಗುತ್ತಿದೆ' ಎಂದು ನಕ್ಕರು.

ಇದಕ್ಕೆ ಮದ್ದು ಸರಳ. ಕ್ಯಾಮೆರಾ ಮುಂದೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ. ಎಡಿಟಿಂಗ್ ತಂತ್ರಾಂಶದಲ್ಲಿ, ಸದ್ದು ಕೇಳಿದ ಎಷ್ಟು ಚಿತ್ರಗಳ ನಂತರ ಅಂಗೈ ಕೂಡುತ್ತದೆ ಎಂದು ಎಣಿಸಿ. 25ರ ಲೆಕ್ಕದಲ್ಲಿ ಒಂದು ಚಿತ್ರಕ್ಕೆ 40 ಮಿಲಿಸೆಕೆಂಡ್. ಐದು ಚಿತ್ರವಾದರೆ ಓಬಿಎಸ್‌ನ ಆಡಿಯೋ ಸಿಂಕ್ ಆಫ್‌ಸೆಟ್‌ನಲ್ಲಿ 200 ಎಂದು ಬರೆಯಿರಿ. ಧ್ವನಿಯನ್ನು ಕಾರ್ಡ್ ಮೂಲಕವೇ ತರುವುದಾದರೆ ಇನ್ನೊಂದು ಎಚ್ಚರಿಕೆ: ಕೆಲವು ಅಗ್ಗದ ಕಾರ್ಡ್‌ಗಳು 48 ಕಿಲೋಹರ್ಟ್ಸ್ ಸ್ಟೀರಿಯೋ ಧ್ವನಿಯನ್ನು 96 ಕಿಲೋಹರ್ಟ್ಸ್ ಮೋನೋ ಎಂದು ಕಂಪ್ಯೂಟರಿಗೆ ತಪ್ಪು ಹೇಳುತ್ತವೆ.

ಎಲ್ಲಿ ಕಟ್ಟಾಗುತ್ತಿದೆ?

ಪ್ರಸಾರ ತಡವರಿಸಿದರೆ ಎಲ್ಲರೂ ಕಾರ್ಡನ್ನೇ ಬೈಯುತ್ತಾರೆ. ಓಬಿಎಸ್‌ನ ಸ್ಟ್ಯಾಟ್ಸ್ ಕಿಟಕಿಯಲ್ಲಿ ಮೂರು ಎಣಿಕೆಗಳಿವೆ. ರೆಂಡರಿಂಗ್ ಲೆಕ್ಕ ಏರಿದರೆ ಗ್ರಾಫಿಕ್ಸ್ ಸೋತಿದೆ, ಎನ್‌ಕೋಡಿಂಗ್ ಏರಿದರೆ ಮಿಲ್ ಸೋತಿದೆ, ನೆಟ್‌ವರ್ಕ್ ಏರಿದರೆ ಇಂಟರ್‌ನೆಟ್ ಸೋತಿದೆ. ಹಳ್ಳಿಯಲ್ಲಿ ಜನ ಸೇರಿದ ರಾತ್ರಿ ಮೂರನೆಯದೇ ಹೆಚ್ಚು. 720ಪಿಯಲ್ಲಿ 3 ಎಂಬಿಪಿಎಸ್ (ಸೆಕೆಂಡಿಗೆ 3 ಮೆಗಾಬಿಟ್) ಇಟ್ಟರೆ ಗಂಟೆಗೆ ಸುಮಾರು 1.35 ಜಿಬಿ, ಎಂಟು ಗಂಟೆಯ ಆಟಕ್ಕೆ 11 ಜಿಬಿ ಹತ್ತಿರ. ದಿನಕ್ಕೆ ಇಷ್ಟೇ ಎಂಬ ಮಿತಿಯ ಸಿಮ್ ಹಾಕಿಕೊಂಡು ಹೋದರೆ ಭೀಮ ಗದೆ ಎತ್ತುವ ಮೊದಲೇ ಪರದೆ ಬೀಳುತ್ತದೆ. ಯೂಟ್ಯೂಬಿನಲ್ಲಿ ಮೊದಲ ಸಲ ನೇರಪ್ರಸಾರ ಸಕ್ರಿಯವಾಗಲು 24 ಗಂಟೆಯವರೆಗೂ ಹಿಡಿಯಬಹುದು. ಆಟದ ದಿನ ಸಂಜೆ ಚಾನೆಲ್ ತೆರೆಯಲು ಕೂರಬೇಡಿ.

ಮನೆಯಲ್ಲಿರುವ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಆಸೆಯಿದ್ದರೆ ಈ ಕಾರ್ಡ್ ನೆರವಾಗದು. ಅದಕ್ಕೆ ಹಳದಿ, ಕೆಂಪು, ಬಿಳಿ ಪಿನ್ನಿನ ಅನಲಾಗ್ ಕಾರ್ಡ್ ಬೇಕು, 720×576 ಪಾಲ್ ಹಿಡಿಯುವಂಥದ್ದು.

ಕಾರ್ಡ್ ಕೊಂಡ ದಿನವೇ, ವಾಪಸು ಮಾಡುವ ಗಡುವು ಇರುವಾಗಲೇ, ಒಂದು ರಾತ್ರಿ ಮನೆಯಲ್ಲಿ ಪರೀಕ್ಷಿಸಿ. ಟಿಕ್ ಟಿಕ್ ಸದ್ದು ಮಾಡುವ ಗೋಡೆ ಗಡಿಯಾರಕ್ಕೆ ಕ್ಯಾಮೆರಾ ತಿರುಗಿಸಿ, ಮೈಕ್ ಹತ್ತಿರ ಇಟ್ಟು, ರೆಕಾರ್ಡಿಂಗ್ ಒತ್ತಿ ಮಲಗಿ. ಬೆಳಿಗ್ಗೆ ಎದ್ದು ಕೊನೆಯ ಐದು ನಿಮಿಷ ನೋಡಿ: ಸೆಕೆಂಡಿನ ಮುಳ್ಳು ಹಾರುವುದೂ ಟಿಕ್ ಎನ್ನುವುದೂ ಒಟ್ಟಿಗೇ ಆಗುತ್ತಿದ್ದರೆ ಕಾರ್ಡ್ ಇಟ್ಟುಕೊಂಡು ಖಾಲಿ ಡಬ್ಬಿ ಎಸೆಯಬಹುದು.